ಆಳಗಡಲ ಕತ್ತಲು, ಉತ್ತರವಿಲ್ಲದ ಫೋನು: ‘ಅವರ್ ವೈವ್ಸ್ ಅಂಡರ್ ದ ಸೀ’ ಕಾದಂಬರಿಯ ಕುರಿತು ಚರ್ಚೆ

ಪಡುವಣದ ಓದುಗ:

ಬ್ರಿಟನ್ನಿನ ಲೇಖಕಿ ಜೂಲಿಯಾ ಆರ್ಮ್‌ಫೀಲ್ಡ್ ಅವರ ‘ಅವರ್ ವೈವ್ಸ್ ಅಂಡರ್ ದ ಸೀ’ ಕಾದಂಬರಿಯನ್ನು ಓದಿ ಮುಗಿಸಿದ್ದೇನೆ. 2022ರಲ್ಲಿ ಬಂದ ಈ ಪುಸ್ತಕದ ಬಗ್ಗೆ ಕನ್ನಡದಲ್ಲಿ ಮಾತನಾಡುವವರು ಇಲ್ಲಿ ಸಿಕ್ಕಾರೆಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಓದದವರಿಗಾಗಿ ಕಥೆಯ ಎಳೆಯನ್ನಷ್ಟೇ ಹೇಳುತ್ತೇನೆ. ಕೊನೆಯ ಭಾಗದ ಬಗ್ಗೆ ಬರೆಯುವವರು ದಯವಿಟ್ಟು ಮೊದಲೇ ಎಚ್ಚರಿಕೆಯ ಸಾಲೊಂದನ್ನು ಹಾಕಿ.

ಲೀಯಾ ಕಡಲ ಜೀವವಿಜ್ಞಾನಿ. ‘ಸೆಂಟರ್’ ಎಂದಷ್ಟೇ ಕರೆಸಿಕೊಳ್ಳುವ ಸಂಸ್ಥೆಯೊಂದರ ಪರವಾಗಿ, ಯೆಲ್ಕಾ ಮತ್ತು ಮ್ಯಾಟಿಯೊ ಎಂಬ ಇನ್ನಿಬ್ಬರೊಂದಿಗೆ ಜಲಾಂತರ್ಗಾಮಿಯಲ್ಲಿ ಮೂರು ವಾರಗಳ ಯಾನಕ್ಕೆಂದು ಹೊರಟವಳು ಮರಳುವುದು ಆರು ತಿಂಗಳ ಮೇಲೆ. ಮನೆಗೆ ಬಂದವಳು ಹೋದವಳಂತಿಲ್ಲ. ಹೊತ್ತುಗೊತ್ತಿಲ್ಲದೆ ಸ್ನಾನದ ತೊಟ್ಟಿಗೆ ನೀರು ಬಿಟ್ಟುಕೊಂಡು ಕೂರುತ್ತಾಳೆ, ಕುಡಿಯುವ ನೀರಿಗೆ ಉಪ್ಪು ಬೆರೆಸಿಕೊಳ್ಳುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಅವಳ ಪತ್ನಿ ಮಿರಿ ಈ ಬದಲಾವಣೆಯನ್ನು ದಿನದಿನವೂ ನೋಡುತ್ತಾಳೆ. ಒಂದು ಅಧ್ಯಾಯ ಮಿರಿಯ ದನಿಯಲ್ಲಿ ದಡದ ಮೇಲೆ ನಡೆದರೆ ಮತ್ತೊಂದು ಲೀಯಾಳ ದನಿಯಲ್ಲಿ ಕಡಲ ತಳದಲ್ಲಿ ನಡೆಯುತ್ತದೆ. ಕಾದಂಬರಿಯ ಐದು ಭಾಗಗಳಿಗೆ ಸಮುದ್ರದ ಐದು ವಲಯಗಳ ಹೆಸರುಗಳಿವೆ: ಮೊದಲು ಬಿಸಿಲು ತಲುಪುವ ವಲಯ, ನಂತರ ಮಬ್ಬುಬೆಳಕಿನ ವಲಯ, ನಡುರಾತ್ರಿಯ ವಲಯ, ಅದರ ಕೆಳಗಿನ ಅಗಾಧ ವಲಯ, ಕಟ್ಟಕಡೆಗೆ ಕಂದಕಗಳ ಹೇಡಲ್ ವಲಯ. ಪುಟ ತಿರುವಿದಂತೆ ಓದುಗನೂ ಇಳಿಯುತ್ತಾನೆ.

ನನ್ನ ಮಾತು ಇಷ್ಟು. ಈ ಕಾದಂಬರಿ ಹುಟ್ಟಿಸುವ ಭಯಕ್ಕೆ ಕಡಲಿನಲ್ಲಿರುವ ಯಾವ ಪ್ರಾಣಿಯೂ ಕಾರಣವಲ್ಲ. ತಿಳಿದುಕೊಳ್ಳುವ ಹಕ್ಕಿರುವ ಒಬ್ಬ ಮನುಷ್ಯಳಿಗೆ, ತಿಳಿಸಬೇಕಾದವರೆಲ್ಲರೂ ಏನನ್ನೂ ತಿಳಿಸದೆ ಇರುವುದರಲ್ಲಿ ಆ ಭಯ ಹುಟ್ಟುತ್ತದೆ. ಮಿರಿ ಸೆಂಟರ್‌ಗೆ ಫೋನ್ ಮಾಡುವ ಭಾಗಗಳು ನನ್ನನ್ನು ಕಾಡಿದಷ್ಟು ಜಲಾಂತರ್ಗಾಮಿಯೊಳಗಿನ ಕತ್ತಲು ಕಾಡಲಿಲ್ಲ. ಕೇಳಿದ ಸಂಖ್ಯೆಗಳನ್ನೆಲ್ಲ ಒಪ್ಪಿಸುತ್ತ, ಇನ್ನೊಂದು ವಿಭಾಗಕ್ಕೆ ವರ್ಗಾಯಿಸಿಕೊಳ್ಳುತ್ತ, ಕಾಯುತ್ತ, ಕೊನೆಗೆ ಬರಿಗೈಯಲ್ಲಿ ಫೋನ್ ಇಡುವ ಆ ಹೆಂಗಸು ಎಲ್ಲೂ ಕಿರುಚುವುದಿಲ್ಲ. ನಿಮ್ಮ ಓದಿನಲ್ಲಿ ಭಯ ಎಲ್ಲಿ ಹುಟ್ಟಿತು ಎಂಬುದನ್ನು ತಿಳಿಯುವ ಆಸೆ ನನಗಿದೆ.

ಹೊತ್ತಗೆಯಂಗಳ:

ಪುಸ್ತಕವನ್ನು ನಾನೂ ಓದಿದ್ದೇನೆ, ಭಾಷೆ ಬಹಳ ಸೊಗಸಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಭಯಾನಕ ಕಾದಂಬರಿಯಾಗಿ ಇದು ನನ್ನನ್ನು ತಣಿಸಲಿಲ್ಲ. ಭಯದ ಕಥೆಗೆ ತನ್ನದೇ ಆದ ಒಂದು ಋಣವಿರುತ್ತದೆ. ಬಾಗಿಲಿನಾಚೆ ಏನೋ ಇದೆ ಎಂದು ಇನ್ನೂರು ಪುಟ ಹೇಳಿದ ಮೇಲೆ ಬಾಗಿಲನ್ನು ತೆರೆಯಬೇಕು, ಕನಿಷ್ಠ ತೆರೆಯದಿರುವುದಕ್ಕೆ ಕಥೆಯೊಳಗಿಂದಲೇ ಒಂದು ಬಲವಾದ ಕಾರಣ ಸಿಗಬೇಕು. ಇಲ್ಲಿ ಸೆಂಟರ್ ಯಾರದು, ಅದಕ್ಕೆ ಏನು ಬೇಕಿತ್ತು, ಜಲಾಂತರ್ಗಾಮಿ ಏಕೆ ಮುಳುಗಿತು ಎಂಬ ಯಾವ ಪ್ರಶ್ನೆಗೂ ಉತ್ತರವಿಲ್ಲ. ‘ತಿಳಿಯದಿರುವುದೇ ಭಯ’ ಎಂಬ ಸಮರ್ಥನೆಯನ್ನು ಒಪ್ಪಿಬಿಟ್ಟರೆ ಯಾವ ಲೇಖಕರಾದರೂ ಕಥೆಯನ್ನು ಕಟ್ಟುವ ಶ್ರಮದಿಂದ ತಪ್ಪಿಸಿಕೊಳ್ಳಬಹುದು. ಲೇಖಕಿ ಇದನ್ನು ದಾಂಪತ್ಯದ ಕಾದಂಬರಿಯೆಂದೇ ಬರೆದಿದ್ದರೆ ನನ್ನ ದೂರು ಇರುತ್ತಿರಲಿಲ್ಲ.

ನೀಲಾಂಬುಧಿ:

ಹೊತ್ತಗೆಯಂಗಳ ಅವರ ಆಕ್ಷೇಪವನ್ನು ರಸದ ದೃಷ್ಟಿಯಿಂದ ನೋಡಬಹುದೆಂದು ನನಗೆ ತೋರುತ್ತದೆ. ನಾಟ್ಯಶಾಸ್ತ್ರವು ಶೃಂಗಾರದಿಂದ ಹಾಸ್ಯವೂ ರೌದ್ರದಿಂದ ಕರುಣವೂ ವೀರದಿಂದ ಅದ್ಭುತವೂ ಬೀಭತ್ಸದಿಂದ ಭಯಾನಕವೂ ಹುಟ್ಟುತ್ತವೆ ಎನ್ನುತ್ತದೆ. ನಾವು ಸಾಮಾನ್ಯವಾಗಿ ಓದುವ ಭಯದ ಕಥೆಗಳು ಈ ಕೊನೆಯ ಸಂಬಂಧವನ್ನು ಚಾಚೂ ತಪ್ಪದೆ ಪಾಲಿಸುತ್ತವೆ: ಮೊದಲು ರಕ್ತ, ಕೊಳೆತ, ವಿಕಾರವನ್ನು ಕಂಡು ಜುಗುಪ್ಸೆ, ಅದರ ಬೆನ್ನಿಗೆ ಭಯ. ಆರ್ಮ್‌ಫೀಲ್ಡ್ ಅವರಲ್ಲಿ ಬೀಭತ್ಸಕ್ಕೆ ಕೊರತೆಯೇನೂ ಇಲ್ಲ. ಲೀಯಾಳ ವಸಡಿನಲ್ಲಿ ರಕ್ತ ಜಿನುಗುತ್ತದೆ, ಚರ್ಮದ ಬಣ್ಣ ಮಾರ್ಪಡುತ್ತದೆ, ದೇಹ ನೀರಿನಂತಾಗುತ್ತ ಹೋಗುತ್ತದೆ. ಆದರೆ ಮಿರಿಗೆ ಅವಳನ್ನು ಕಂಡರೆ ಹೇಸಿಗೆಯಾಗುವುದಿಲ್ಲ. ಅವಳು ಟವೆಲು ತರುತ್ತಾಳೆ, ನೆಲ ಒರೆಸುತ್ತಾಳೆ, ನೀರು ಬದಲಿಸುತ್ತಾಳೆ. ಜುಗುಪ್ಸೆಯಿಂದ ಭಯಕ್ಕೆ ಹೋಗಬೇಕಾದ ದಾರಿಯನ್ನು ಆರೈಕೆಯ ಕೆಲಸಗಳು ತಡೆದು ನಿಲ್ಲಿಸುತ್ತವೆ. ಆಗ ಉಳಿಯುವ ದಾರಿ ಶೋಕದ್ದು. ನನ್ನ ಓದಿನಲ್ಲಿ ಇದು ಭಯಾನಕದ ವಿಭಾವಗಳನ್ನೆಲ್ಲ, ಎಂದರೆ ಆ ಭಾವವನ್ನು ಹುಟ್ಟಿಸುವ ಕಾರಣಗಳನ್ನೆಲ್ಲ, ಜೋಡಿಸಿಕೊಂಡು ಕರುಣಕ್ಕೆ ತಲುಪುವ ಕೃತಿ. ಹೀಗಾಗಿ ಭಯದ ಬಾಗಿಲು ತೆರೆಯಲಿಲ್ಲ ಎಂಬ ದೂರು ನ್ಯಾಯವಾದದ್ದೇ ಆದರೂ, ಕೃತಿ ನಿಂತಿರುವುದು ಬೇರೊಂದು ಬಾಗಿಲಿನೆದುರು.

ಆಳಮಾಪಕ:

ನಾನು ಕಡಲ ತಂತ್ರಜ್ಞಾನದಲ್ಲಿ ಓದಿ ಅದೇ ಕ್ಷೇತ್ರದಲ್ಲಿ ದುಡಿಯುವವನು. ಈ ಪುಸ್ತಕದ ವಾತಾವರಣ ಏಕೆ ಇಷ್ಟು ಗಟ್ಟಿಯಾಗಿದೆ ಎಂಬುದಕ್ಕೆ ನನ್ನ ಕಡೆಯಿಂದ ಕೆಲವು ವಿವರಗಳನ್ನು ಸೇರಿಸುತ್ತೇನೆ.

ಸಮುದ್ರದಲ್ಲಿ ಸುಮಾರು 10 ಮೀಟರ್ ಇಳಿದಂತೆಲ್ಲ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಮೊದಲ 200 ಮೀಟರ್‌ವರೆಗೆ ಸಸ್ಯಗಳು ಬದುಕುವಷ್ಟು ಬಿಸಿಲು ಸಿಗುತ್ತದೆ, 1000 ಮೀಟರ್ ದಾಟಿದ ಮೇಲೆ ಸೂರ್ಯನ ಬೆಳಕೆಂಬುದೇ ಇಲ್ಲ. 4000 ಮೀಟರ್‌ಗಿಂತ ಕೆಳಗೆ ಅಗಾಧ ವಲಯ, 6000ದಿಂದ ಸುಮಾರು 11,000 ಮೀಟರ್‌ವರೆಗೆ ಕಂದಕಗಳು. ಆ ಕತ್ತಲಿನಲ್ಲಿ ಎಡೆಬಿಡದೆ ನಡೆಯುವ ಒಂದು ಸಂಗತಿಯೆಂದರೆ ಮೇಲಿನಿಂದ ಉದುರುವ ‘ಕಡಲ ಹಿಮ’: ನೀರಿನಲ್ಲಿ ತೇಲುತ್ತ ಬದುಕಿ ಸತ್ತ ಸಣ್ಣ ಜೀವಿಗಳಾದ ಪ್ಲವಕಗಳು, ಮೀನಿನ ಮಲ, ಲೋಳೆ, ಧೂಳು ಎಲ್ಲವೂ ಸೇರಿ ಬಿಳಿಯ ಚೂರುಗಳಾಗಿ ಕೆಳಗಿಳಿಯುತ್ತವೆ. ತಳ ಮುಟ್ಟಲು ಅವುಗಳಿಗೆ ವಾರಗಳೇ ಬೇಕಾಗುತ್ತವೆ. ಮೇಲೆ ಸತ್ತದ್ದು ಕೆಳಗೆ ಆಹಾರ. ನೌಕೆಯ ದೀಪ ಹಚ್ಚಿದರೆ ಕಾಣುವುದು ಬಹುಪಾಲು ಇದೇ. ಇಂಥ ಜಾಗಕ್ಕೆ ಭೂತವನ್ನು ಹೊರಗಿನಿಂದ ತರುವ ಅಗತ್ಯವೇ ಬೀಳುವುದಿಲ್ಲ.

ನಿಜವಾದ ಇಳಿತಗಳ ಚರಿತ್ರೆಯಲ್ಲಿ ಎರಡು ಸಂಗತಿಗಳು ಈ ಕಾದಂಬರಿಯನ್ನು ಓದುವಾಗ ನೆನಪಾದವು. 1934ರಲ್ಲಿ ವಿಲಿಯಂ ಬೀಬೆ ಮತ್ತು ಓಟಿಸ್ ಬಾರ್ಟನ್ ಬರ್ಮುಡಾದ ಬಳಿ ಉಕ್ಕಿನ ಗೋಳವೊಂದರಲ್ಲಿ ಕುಳಿತು 923 ಮೀಟರ್ ಆಳಕ್ಕೆ ಇಳಿದರು. ಗೋಳದ ಅಡ್ಡಳತೆ ಒಂದೂವರೆ ಮೀಟರ್‌ಗಿಂತಲೂ ಕಡಿಮೆ. ಮೇಲಿನ ಹಡಗಿಗೆ ಒಂದು ಟೆಲಿಫೋನ್ ತಂತಿಯಿತ್ತು. ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಬೀಬೆ ಆ ತಂತಿಯ ಮೂಲಕ ಹೇಳುತ್ತಿದ್ದರು, ಮೇಲೆ ಗ್ಲೋರಿಯಾ ಹೋಲಿಸ್ಟರ್ ಅದನ್ನು ಬರೆದುಕೊಳ್ಳುತ್ತಿದ್ದರು. ಮಾತು ನಿಂತರೆ ಕೆಳಗಿನವರಿಗೆ ಏನೋ ಆಗಿದೆ ಎಂದೇ ಅರ್ಥ. ಎರಡನೆಯದು 1960ರ ಜನವರಿ 23ರದು. ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ ‘ಟ್ರಿಯೆಸ್ಟ್’ ನೌಕೆಯಲ್ಲಿ ಮರಿಯಾನಾ ಕಂದಕದ ತಳ ಮುಟ್ಟಿದ ದಿನ ಅದು. ಇಳಿಯಲು ಅವರಿಗೆ ಐದು ಗಂಟೆಗಳ ಹತ್ತಿರ ಹಿಡಿಯಿತು. 9000 ಮೀಟರ್ ದಾಟಿದ ಮೇಲೆ ಹೊರಗಿನ ಕಿಟಕಿಯ ಗಾಜೊಂದು ಬಿರುಕುಬಿಟ್ಟು ಇಡೀ ನೌಕೆ ನಡುಗಿತು. ಅವರು ಇಳಿಯುವುದನ್ನು ನಿಲ್ಲಿಸಲಿಲ್ಲ. ತಳದಲ್ಲಿ ಇದ್ದದ್ದು ಸುಮಾರು ಇಪ್ಪತ್ತು ನಿಮಿಷ ಮಾತ್ರ.

ಕಾದಂಬರಿಕಾರ್ತಿ ಮಾಡಿರುವ ಬದಲಾವಣೆ ಸಣ್ಣದು, ಆದರೆ ಅತಿ ಕ್ರೂರವಾದದ್ದು. ಇಪ್ಪತ್ತು ನಿಮಿಷವನ್ನು ತಿಂಗಳುಗಳಿಗೆ ಎಳೆದರು, ಬೀಬೆಯವರ ತಂತಿಯನ್ನು ಕತ್ತರಿಸಿದರು. ಮಿಕ್ಕದ್ದೆಲ್ಲ ತಾನಾಗಿಯೇ ಆಯಿತು.

ತೆಂಕುಗಾಳಿ:

ಆಳಮಾಪಕ ಅವರೇ, ಶಬ್ದದ ಬಗ್ಗೆಯೂ ಬರೆಯಿರಿ ಎಂದು ಕೋರುತ್ತೇನೆ. ಯೆಲ್ಕಾಳಿಗೆ ನೌಕೆಯ ಹೊರಗಿನಿಂದ ಏನೋ ಕೇಳಿಸತೊಡಗುವ ಭಾಗವನ್ನು ನಾನು ರಾತ್ರಿ ಓದಲಾರದೆ ಪುಸ್ತಕ ಮುಚ್ಚಿಟ್ಟು ಮರುದಿನ ಬೆಳಿಗ್ಗೆ ಮುಂದುವರಿಸಿದೆ. ಕಣ್ಣಿಗೆ ಏನೂ ಕಾಣದ ಕಡೆ ಕಿವಿಗೆ ಮಾತ್ರ ಏನೋ ಬೀಳುವುದು, ಅದೂ ಮೂವರಲ್ಲಿ ಒಬ್ಬರು ಅದನ್ನು ಮಾತಿನಂತೆ ಕೇಳಿಸಿಕೊಳ್ಳುವುದು, ನನಗೆ ಈ ಕಾದಂಬರಿಯ ಅತ್ಯಂತ ಭೀಕರ ಭಾಗ.

ಆಳಮಾಪಕ:

ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ, ಎಂದರೆ ಗಾಳಿಯಲ್ಲಿ ಸಾಗುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ತಗ್ಗು ಸ್ವರಗಳು ಸಾವಿರಾರು ಕಿಲೋಮೀಟರ್ ದೂರ ಹೋಗಬಲ್ಲವು. 1997ರಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾದ ಜಲಧ್ವನಿಗ್ರಾಹಕಗಳು ಪೆಸಿಫಿಕ್ ಸಾಗರದ ದಕ್ಷಿಣ ಭಾಗದಲ್ಲಿ ಭಾರಿ ಶಬ್ದವೊಂದನ್ನು ದಾಖಲಿಸಿದವು. ‘ಬ್ಲೂಪ್’ ಎಂದು ಹೆಸರಾದ ಆ ಶಬ್ದದ ಸುತ್ತ ಅಜ್ಞಾತ ಪ್ರಾಣಿಗಳ ಕಥೆಗಳು ಹಬ್ಬಿದವು. ಅಂಟಾರ್ಕ್ಟಿಕಾದ ಹಿಮರಾಶಿ ಬಿರಿಯುವಾಗ ಏಳುವ ಶಬ್ದದೊಂದಿಗೆ ಅದು ಹೊಂದುತ್ತದೆ ಎಂಬ ತೀರ್ಮಾನಕ್ಕೆ ವಿಜ್ಞಾನಿಗಳು ಆಮೇಲೆ ಬಂದರು. ಎಲ್ಲೋ ಸಾವಿರಾರು ಮೈಲಿ ಆಚೆ ಮುರಿದ ಹಿಮದ ಸದ್ದು ನೌಕೆಯ ಗೋಡೆಯ ಪಕ್ಕದಲ್ಲೇ ಆದಂತೆ ಕೇಳಿಸಬಹುದಾದ ಲೋಕ ಅದು. ಯೆಲ್ಕಾ ಕೇಳಿದ್ದು ಭ್ರಮೆಯೋ ನಿಜವೋ ಎಂದು ಲೇಖಕಿ ಹೇಳದಿರುವುದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಅಷ್ಟು ಆಳದಲ್ಲಿ ಕುಳಿತವರಿಗೆ ಆ ಎರಡನ್ನು ಬೇರ್ಪಡಿಸುವ ಉಪಾಯವೇ ಇರುವುದಿಲ್ಲ.

ಮರಳದಂಡೆ:

ನಾನು ಉಡುಪಿ ಜಿಲ್ಲೆಯ ಕರಾವಳಿಯವಳು. ನಮ್ಮ ಮನೆಯವರು ಮೂರು ತಲೆಮಾರಿನಿಂದ ಮೀನುಗಾರಿಕೆಯನ್ನು ನೆಚ್ಚಿದವರು. ಪಡುವಣದ ಓದುಗ ಅವರು ಆರಂಭದಲ್ಲಿ ಬರೆದದ್ದನ್ನು ನಮ್ಮ ಕಡೆಯ ಹೆಂಗಸರಿಗೆ ಓದಿ ಹೇಳಿದರೆ ಯಾರೂ ಅದನ್ನು ಕಾದಂಬರಿಯ ಮಾತೆಂದುಕೊಳ್ಳಲಾರರು.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾದದ್ದು ಇಲ್ಲಿ ಹಲವರಿಗೆ ನೆನಪಿರಬಹುದು. ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷವನ್ನು ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ಅಲ್ಲಿಯ ಆಳ ಆಳಮಾಪಕ ಅವರು ಹೇಳಿದ ಸಾವಿರಗಳ ಲೆಕ್ಕದ್ದಲ್ಲ. ಬಿಸಿಲ ವಲಯದ ಒಳಗೇ ಬರುವ, ಅರವತ್ತು ಮೀಟರ್ ಆಸುಪಾಸಿನ ನೀರು. ಆದರೂ ಆ ನಾಲ್ಕೈದು ತಿಂಗಳು ಇಡೀ ಕರಾವಳಿ ಒಂದೇ ಪ್ರಶ್ನೆಯನ್ನು ಕೇಳುತ್ತಿತ್ತು. ಇದ್ದಾರೆ ಎಂದು ಹೇಳುವವರೂ ಇಲ್ಲ, ಇಲ್ಲ ಎಂದು ಹೇಳುವವರೂ ಇಲ್ಲ. ದಿನಕ್ಕೊಂದು ಸುದ್ದಿ ಬರುತ್ತಿತ್ತು, ಯಾವುದೂ ನಿಲ್ಲುತ್ತಿರಲಿಲ್ಲ. ಸಾವಾಗಿದೆ ಎಂದು ತಿಳಿದರೆ ಮಾಡಬೇಕಾದ ಕ್ರಿಯೆಗಳಿರುತ್ತವೆ. ಬದುಕಿದ್ದಾರೆ ಎಂದಾದರೆ ಅಡುಗೆಯಿಟ್ಟು ಕಾಯಬಹುದು. ಎರಡೂ ಅಲ್ಲದ ಹೊತ್ತಿನಲ್ಲಿ ಕುಂಕುಮವಿಡುವುದೋ ಬಿಡುವುದೋ ಎಂಬುದು ಕೂಡ ಪ್ರಶ್ನೆಯಾಗುತ್ತದೆ.

ಮಿರಿ ಅಂತರ್ಜಾಲದಲ್ಲಿ, ತಮ್ಮ ಗಂಡಂದಿರು ಬಾಹ್ಯಾಕಾಶಕ್ಕೆ ಹೋಗಿದ್ದಾರೆಂದು ಕಲ್ಪಿಸಿಕೊಂಡು ಬರೆಯುವ ಹೆಂಗಸರ ಗುಂಪೊಂದನ್ನು ಓದುತ್ತಿರುತ್ತಾಳಲ್ಲ, ಆ ಭಾಗವನ್ನು ಕೆಲವರು ಅನಗತ್ಯವೆಂದು ಕರೆದದ್ದನ್ನು ನೋಡಿದ್ದೇನೆ. ನನಗೆ ಹಾಗೆ ಅನ್ನಿಸಲಿಲ್ಲ. ಕಾಯುವವರಿಗೆ ಕಾಯುವವರ ಮಾತೇ ಬೇಕಾಗುತ್ತದೆ, ಅದು ಕಲ್ಪನೆಯದ್ದಾದರೂ ಸರಿ. ಹೊತ್ತಗೆಯಂಗಳ ಅವರು ಕೇಳುವ ಉತ್ತರಗಳನ್ನು ಲೇಖಕಿ ಕೊಟ್ಟಿದ್ದರೆ ಈ ಪುಸ್ತಕ ನಮ್ಮಂಥವರ ಪಾಲಿಗೆ ಸುಳ್ಳಾಗುತ್ತಿತ್ತು.

ಹೊತ್ತಗೆಯಂಗಳ:

ಮರಳದಂಡೆ ಅವರೇ, ನೀವು ಬರೆದದ್ದನ್ನು ಗೌರವದಿಂದ ಓದಿದೆ. ಬದುಕಿನಲ್ಲಿ ಉತ್ತರ ಸಿಗದಿರುವುದರ ನೋವನ್ನು ನಾನು ಪ್ರಶ್ನಿಸುತ್ತಿಲ್ಲ. ನನ್ನ ಪ್ರಶ್ನೆ ಇರುವುದು ಕಲೆಯ ಬಗ್ಗೆ. ಬದುಕು ಉತ್ತರ ಕೊಡುವುದಿಲ್ಲವೆಂದೇ ನಾವು ಕಥೆಯ ಬಳಿಗೆ ಹೋಗುತ್ತೇವೆ ಎಂಬುದೂ ಒಂದು ನಿಲುವಲ್ಲವೇ? ಈ ಕಾದಂಬರಿಯಲ್ಲಿ ಮಿರಿಯ ಭಾಗಗಳು ಪೂರ್ಣವಾಗಿವೆ, ಅದನ್ನು ಒಪ್ಪುತ್ತೇನೆ. ಲೀಯಾಳ ಭಾಗಗಳಲ್ಲಿ ಮಾತ್ರ ಲೇಖಕಿಯ ಕೈ ಸಡಿಲವಾಗಿದೆ ಎನ್ನುತ್ತೇನೆ. ಕಡಲ ತಳದಲ್ಲಿ ತಿಂಗಳುಗಟ್ಟಲೆ ಮೂವರು ಇದ್ದರೆ ಜಗಳ, ಹಸಿವು, ಮೈವಾಸನೆ, ನಿದ್ದೆಯ ಸರದಿ, ಒಬ್ಬರ ಉಸಿರನ್ನು ಕಂಡರೆ ಇನ್ನೊಬ್ಬರಿಗಾಗುವ ಅಸಹನೆ, ಇವೆಲ್ಲ ದಟ್ಟವಾಗಿ ಬರಬೇಕಿತ್ತು. ಇಲ್ಲಿ ಅವು ತೆಳುವಾದ ಗೆರೆಗಳಾಗಿ ಬಂದು ಹೋಗುತ್ತವೆ.

ಇರುಳಗನ್ನಡಿ:

ಪುಸ್ತಕವನ್ನು ಇನ್ನೂ ಓದಿಲ್ಲ, ಒಂದು ಮಾತು ಕೇಳಬೇಕಿದೆ. ನಮ್ಮ ಮನೆಯಲ್ಲಿ ಅತ್ತೆಯವರು ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದಾರೆ, ಅವರ ಆರೈಕೆ ನನ್ನದೇ. ನೀವೆಲ್ಲ ಬರೆದಿರುವುದನ್ನು ನೋಡಿದರೆ ಈ ಕಾದಂಬರಿ ಅದಕ್ಕೆ ಬಹಳ ಹತ್ತಿರವಾಗಿರುವಂತೆ ಕಾಣುತ್ತದೆ. ಈಗ ಓದಬಹುದೇ, ಅಥವಾ ಮುಂದಕ್ಕೆ ಹಾಕುವುದು ಒಳ್ಳೆಯದೇ?

ಪಡುವಣದ ಓದುಗ:

ಇರುಳಗನ್ನಡಿ ಅವರೇ, ನೇರವಾಗಿ ಹೇಳುವುದಾದರೆ ಇದು ಹತ್ತಿರವಾಗಿಯೇ ಇದೆ. ಮಿರಿಯ ತಾಯಿ ಹಂತಹಂತವಾಗಿ ಶರೀರವನ್ನು ಕುಗ್ಗಿಸುವ ಕಾಯಿಲೆಯಿಂದ ತೀರಿಕೊಂಡವರು. ತನಗೂ ಆ ಕಾಯಿಲೆ ಬರಬಹುದೆಂಬ ಅಳುಕು ಮಿರಿಗೆ ಇದ್ದೇ ಇರುತ್ತದೆ. ಲೀಯಾಳ ಬದಲಾವಣೆಯನ್ನು ನೋಡುವ ಕಣ್ಣುಗಳು ಆಗಲೇ ಒಂದು ಸಲ ಇಂಥದ್ದನ್ನು ಕಂಡು ದಣಿದಿರುವ ಕಣ್ಣುಗಳು.

ಒಂದು ಭಾಗವನ್ನು ವಿವರಿಸುತ್ತೇನೆ, ಅದರಿಂದ ನೀವೇ ನಿರ್ಧರಿಸಬಹುದು. ಸ್ನಾನದ ಮನೆಯ ಬಾಗಿಲು ಹಾಕಿದೆ, ಒಳಗೆ ನಲ್ಲಿ ಹರಿಯುತ್ತಿದೆ. ಮಹಡಿಯ ಮೇಲಿನ ನೆರೆಯವರ ಟೀವಿ ಎಂದಿನಂತೆ ಬಿಡುವಿಲ್ಲದೆ ಮಾತನಾಡುತ್ತಿದೆ. ಮಿರಿ ಹೊರಗೆ ನಿಂತು ಒಳಗೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಾಳೆ. ತಾನು ನಿಜವಾಗಿ ಬಯಸುವುದು ಏನನ್ನು, ಲೀಯಾ ಹೊರಗೆ ಬರುವುದನ್ನೋ ಇನ್ನೂ ಸ್ವಲ್ಪ ಹೊತ್ತು ಒಳಗೇ ಇರುವುದನ್ನೋ ಎಂಬುದು ಅವಳಿಗೇ ತಿಳಿಯುವುದಿಲ್ಲ. ಪ್ರೀತಿಸುವವರ ಆರೈಕೆಯಲ್ಲಿ ಬರುವ ಈ ಬಗೆಯ ದಣಿವನ್ನು, ಅದರ ಹಿಂದೆಯೇ ಬರುವ ನಾಚಿಕೆಯನ್ನು ಲೇಖಕಿ ತೀರ್ಪು ಕೊಡದೆ ಬರೆದಿದ್ದಾರೆ. ಅದನ್ನು ಓದಿ ನಿಮಗೆ ಹಗುರವಾಗಬಹುದು, ಭಾರವೂ ಆಗಬಹುದು. ಹಗಲು ಹೊತ್ತಿನಲ್ಲಿ, ಮಾತನಾಡಲು ಯಾರಾದರೂ ಹತ್ತಿರವಿರುವಾಗ ಮೊದಲ ಭಾಗವನ್ನು ಓದಿ ನೋಡಿ. ಅಲ್ಲಿಗೇ ನಿಲ್ಲಿಸಬೇಕೆನಿಸಿದರೆ ನಿಲ್ಲಿಸಿಬಿಡಿ.

ಹೊತ್ತಗೆಯಂಗಳ ಅವರ ಮಾತಿಗೂ ಒಂದು ಉತ್ತರ ಕೊಡಬೇಕು. ಲೀಯಾಳ ಭಾಗಗಳು ತೆಳುವಾಗಿವೆ ಎಂಬುದು ನಿಜ. ಹಗಲು ರಾತ್ರಿಗಳ ಗುರುತಿಲ್ಲದ ಜಾಗದಲ್ಲಿ ಕುಳಿತವಳ ನೆನಪು ಅದು. ಅವಳು ಅದನ್ನು ಬರೆಯುವಾಗ ಆಗಲೇ ಅರ್ಧ ಬೇರೆಯವಳಾಗಿದ್ದಾಳೆ. ಹಸಿವು, ಮೈವಾಸನೆಯಂಥ ಮನುಷ್ಯರ ವಿವರಗಳು ಅವಳ ಕೈಯಿಂದ ಜಾರಿಹೋಗುತ್ತಿರುವುದೇ ಅವಳಿಗೆ ಆಗುತ್ತಿರುವುದರ ಮೊದಲ ಲಕ್ಷಣವೆಂದು ನಾನು ಓದಿಕೊಂಡೆ.

ಬೆಳ್ಳಿಮೋಡ ಓದು:

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. ಇದು ಇಬ್ಬರು ಹೆಂಗಸರ ದಾಂಪತ್ಯದ ಕಥೆ, ಆದರೆ ಅದನ್ನು ವಿವರಿಸುವುದಕ್ಕಾಗಲಿ ಸಮರ್ಥಿಸುವುದಕ್ಕಾಗಲಿ ಕಾದಂಬರಿ ಒಂದು ವಾಕ್ಯವನ್ನೂ ವ್ಯಯಿಸುವುದಿಲ್ಲ. ಅವರ ಭೇಟಿ, ಹೊಸ ಮನೆ, ಸಣ್ಣ ಮುನಿಸುಗಳು ಎಲ್ಲ ದಂಪತಿಗಳದ್ದರಂತೆಯೇ ಬರುತ್ತವೆ. ಇಂಥ ಸಂಬಂಧಗಳನ್ನು ಒಂದು ಸಮಸ್ಯೆಯಾಗಿ ಮಾತ್ರ ಬರೆಯುವ ಕಥೆಗಳನ್ನು ಓದಿ ಬೇಸತ್ತ ನನಗೆ ಇದು ದೊಡ್ಡ ಸಮಾಧಾನ ಕೊಟ್ಟಿತು.

ತೆಂಕುಗಾಳಿ:

(ಎಚ್ಚರಿಕೆ: ಇಲ್ಲಿಂದ ಮುಂದೆ ಕಥೆಯ ಕೊನೆಯ ವಿಷಯವಿದೆ.)

ಕೊನೆಯಲ್ಲಿ ಮಿರಿ ಲೀಯಾಳನ್ನು ಕಡಲಿಗೆ ಒಯ್ದು ನೀರಿಗೆ ಬಿಡುವುದನ್ನು ನೀವು ಹೇಗೆ ಓದಿದಿರಿ? ನನ್ನ ಗೆಳತಿಯೊಬ್ಬಳು ಅದನ್ನು ಬಿಡುಗಡೆ ಎಂದಳು. ನನಗೆ ಅದು ಹಾಗೆ ತೋರಲಿಲ್ಲ. ಅಲ್ಲಿ ಬಿಡುವವಳಿಗೆ ಬೇರೆ ಆಯ್ಕೆಯೇ ಉಳಿದಿಲ್ಲ.

ನೀಲಾಂಬುಧಿ:

ನಾನು ಅದನ್ನು ಅಂತ್ಯಕ್ರಿಯೆಯಾಗಿ ಓದಿದೆ. ಮರಳದಂಡೆ ಅವರು ಹೇಳಿದ ‘ಎರಡೂ ಅಲ್ಲದ ಹೊತ್ತು’ ಅಲ್ಲಿ ಮುಗಿಯುತ್ತದೆ. ಆರು ತಿಂಗಳು ಕಾದಾಗಲೂ, ಆಮೇಲೆ ಮನೆಯಲ್ಲಿ ಜೊತೆಗಿದ್ದಾಗಲೂ ಮಿರಿಗೆ ಶೋಕಿಸುವ ಅಧಿಕಾರವಿರಲಿಲ್ಲ. ಏಕೆಂದರೆ ಲೀಯಾ ಎದುರಿಗೇ ಇದ್ದಳು. ತನ್ನ ಕೈಯಾರೆ ನೀರಿಗೆ ಬಿಟ್ಟ ಮೇಲೆ ಅವಳು ಅಳಬಹುದು. ಕರುಣ ರಸ ನೆಲೆನಿಲ್ಲುವುದು ಅಲ್ಲಿ. ತಾಯಿಯ ಮನೆಯಿದ್ದ ಕಡಲತೀರಕ್ಕೇ ಅವಳು ಹೋಗುವುದನ್ನೂ ಗಮನಿಸಬೇಕು. ಎರಡು ಸಾವುಗಳನ್ನು ಒಂದೇ ಕಡೆ ಒಪ್ಪಿಕೊಳ್ಳುತ್ತಾಳೆ.

ಮರಳದಂಡೆ:

ನೀಲಾಂಬುಧಿ ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅಂತ್ಯಕ್ರಿಯೆಯಲ್ಲಿ ಸತ್ತದ್ದು ಖಚಿತವಿರುತ್ತದೆ. ಇಲ್ಲಿ ಲೀಯಾ ಸಾಯುವುದಿಲ್ಲ, ಮಿರಿಗೆ ನಿಲುಕದ ಇನ್ನೊಂದು ರೂಪದಲ್ಲಿ ಅದೇ ಕಡಲಿನಲ್ಲಿ ಇರುತ್ತಾಳೆ. ಮುಂದೆ ಮಿರಿ ಯಾವ ದಡದಲ್ಲಿ ನಿಂತರೂ ಕಾಯುವಿಕೆ ಮುಗಿಯುವುದಿಲ್ಲ. ಕಡಲಿನವರಿಗೆ ಕಡಲು ಶ್ಮಶಾನವಲ್ಲ, ನಾಳೆ ಮತ್ತೆ ಅದರ ಮೇಲೆಯೇ ಹೋಗಬೇಕು. ಈ ಅಂತ್ಯದಲ್ಲಿ ನನಗೆ ಶಾಂತಿ ಕಾಣಲಿಲ್ಲ, ಹೆದರಿಕೆಯೇ ಕಂಡಿತು. ಆ ಅರ್ಥದಲ್ಲಿ ಇದನ್ನು ಭಯಾನಕ ಕಾದಂಬರಿ ಎಂದೇ ಕರೆಯಬೇಕೆಂದು ವಾದಿಸುತ್ತೇನೆ.

ಹೊತ್ತಗೆಯಂಗಳ:

ಭಯಾನಕವೆಂದು ಕರೆಯಲು ಇದು ಇಲ್ಲಿಯವರೆಗೆ ಬಂದ ಅತ್ಯಂತ ಬಲವಾದ ವಾದ. ಆದರೂ ಸೆಂಟರ್‌ನ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆಳಮಾಪಕ ಅವರೇ, ಮೂರು ವಾರಗಳಿಗೆಂದು ಸಿದ್ಧವಾದ ನೌಕೆಯಲ್ಲಿ ಆರು ತಿಂಗಳು ಜೀವಂತ ಉಳಿಯುವುದು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಕಥೆಯ ಬುಡವೇ ಸಡಿಲವಾಗುತ್ತದೆ.

ಆಳಮಾಪಕ:

ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕಿಲೋಗ್ರಾಂ ಆಮ್ಲಜನಕ ಬೇಕು, ಅವನು ಹೊರಬಿಡುವ ಇಂಗಾಲದ ಡೈಆಕ್ಸೈಡ್ ದಿನಕ್ಕೆ ಸುಮಾರು ಒಂದು ಕಿಲೋಗ್ರಾಂ. ಮೂವರಿಗೆ 21 ದಿನಗಳಿಗೆ ಬೇಕಾದ ಆಮ್ಲಜನಕ 53 ಕಿಲೋಗ್ರಾಂನಷ್ಟು. ಮೂವರೂ 180 ದಿನ ಇದ್ದರೆಂದುಕೊಂಡರೆ ಅದು 450 ಕಿಲೋಗ್ರಾಂ ದಾಟುತ್ತದೆ. ಹೊರಬಿದ್ದ ಡೈಆಕ್ಸೈಡ್ 540 ಕಿಲೋಗ್ರಾಂನಷ್ಟಾಗುತ್ತದೆ. ಲಿಥಿಯಂ ಹೈಡ್ರಾಕ್ಸೈಡ್ ಬಳಸಿ ಅದನ್ನು ಹೀರಿಸುವುದಾದರೆ ಆ ರಾಸಾಯನಿಕವೇ ಸುಮಾರು 600 ಕಿಲೋಗ್ರಾಂ ಬೇಕು. ಇದರ ಮೇಲೆ ನೀರು, ಆಹಾರ. ಹೋಲಿಕೆಗಾಗಿ ನಮ್ಮದೇ ‘ಮತ್ಸ್ಯ 6000’ ನೌಕೆಯನ್ನು ನೋಡಿ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮನುಷ್ಯರನ್ನು ಆಳಗಡಲಿಗೆ ಇಳಿಸುವ ಸಮುದ್ರಯಾನ ಯೋಜನೆಗಾಗಿ ರೂಪಿಸಿರುವ ಅದರಲ್ಲಿ 2.1 ಮೀಟರ್ ಅಡ್ಡಳತೆಯ ಟೈಟಾನಿಯಂ ಗೋಳದೊಳಗೆ ಮೂವರು ಕೂರುತ್ತಾರೆ. ಸಾಮಾನ್ಯ ಕೆಲಸದ ಅವಧಿ 12 ಗಂಟೆ, ತುರ್ತು ಸಂದರ್ಭಕ್ಕೆಂದು ಇಟ್ಟಿರುವ ಮಿತಿ 96 ಗಂಟೆ. ಎಂದರೆ ಎಚ್ಚರಿಕೆಯ ಎಂಜಿನಿಯರರು ತುರ್ತಿಗೆಂದು ಕೆಲಸದ ಅವಧಿಯ ಎಂಟರಷ್ಟು ಹೊತ್ತಿನ ಉಸಿರನ್ನು ಇಡುತ್ತಾರೆ, ಆದರೆ ಅದು ಗಂಟೆಗಳ ಲೆಕ್ಕ. ಮೂರು ವಾರದ ಯಾನಕ್ಕೆ ಆರು ತಿಂಗಳ ಉಸಿರನ್ನು ಯಾರೂ ಆಕಸ್ಮಿಕವಾಗಿ ತುಂಬುವುದಿಲ್ಲ.

ಈಗ ಕಾದಂಬರಿಯನ್ನು ಮತ್ತೆ ತೆರೆಯಿರಿ. ನೌಕೆ ಮುಳುಗುವಾಗ ಸಂಪರ್ಕ ಸಾಧನಗಳು ಸತ್ತುಹೋಗುತ್ತವೆ, ನಿಯಂತ್ರಣ ಸತ್ತುಹೋಗುತ್ತದೆ, ಆದರೆ ಗಾಳಿಯನ್ನು ಶುದ್ಧಗೊಳಿಸುವ ವ್ಯವಸ್ಥೆ ಮಾತ್ರ ನಡೆಯುತ್ತಲೇ ಇರುತ್ತದೆ. ಆಹಾರವೂ ಮುಗಿಯುವುದಿಲ್ಲ. ಇದು ವಿಚಿತ್ರವಾಗಿದೆ ಎಂಬುದು ಒಳಗಿದ್ದವರ ಅರಿವಿಗೂ ಬರುತ್ತದೆ. ಅಪಘಾತದಲ್ಲಿ ಮೊದಲು ಕೈಕೊಡಬೇಕಾದದ್ದು ಕೈಕೊಡದೆ, ಮೇಲಿನವರೊಂದಿಗೆ ಮಾತನಾಡುವ ದಾರಿಯೊಂದೇ ಮುಚ್ಚಿಹೋಗಿದೆ. ಆದ್ದರಿಂದ ಕಥೆಯ ಬುಡ ಸಡಿಲವಿಲ್ಲ, ನೀವು ಹುಡುಕುತ್ತಿರುವ ಉತ್ತರದ ಅರ್ಧಭಾಗ ಅಲ್ಲಿಯೇ ಇದೆ ಎನ್ನುವುದು ನನ್ನ ತಿಳಿವಳಿಕೆ. ಅವರು ಎಷ್ಟು ದಿನ ಕೆಳಗಿರುತ್ತಾರೆಂಬುದು ಯಾರಿಗೋ ಮೊದಲೇ ಗೊತ್ತಿತ್ತು.

ಪಡುವಣದ ಓದುಗ:

ಈ ಲೆಕ್ಕವನ್ನು ಇಟ್ಟುಕೊಂಡು ಮಿರಿಯ ಫೋನ್ ಕರೆಗಳನ್ನು ಮತ್ತೊಮ್ಮೆ ಓದಿದೆ. ಸೆಂಟರ್‌ನವರು ಉತ್ತರಿಸದಿರುವುದು ಗೊತ್ತಿಲ್ಲದ್ದಕ್ಕಲ್ಲ ಎಂದಾದರೆ, ಫೋನಿನ ಆ ತುದಿಯಲ್ಲಿ ಮೃದುವಾಗಿ ಮಾತನಾಡುವ ದನಿಗಳು ಬೇರೆಯೇ ಆಗಿ ಕೇಳಿಸುತ್ತವೆ. ಯೆಲ್ಕಾಳ ಸಹೋದರಿ ಜೂನಾ ಮಿರಿಯನ್ನು ಭೇಟಿಯಾಗುವ ಭಾಗಕ್ಕೂ ಆಗ ಹೆಚ್ಚಿನ ತೂಕ ಬರುತ್ತದೆ. ಉತ್ತರಕ್ಕಾಗಿ ಅಲೆದವಳು ಮಿರಿ ಒಬ್ಬಳೇ ಅಲ್ಲವೆಂಬುದು ನಮಗೆ ತಿಳಿಯುವುದು ಅಲ್ಲಿ. ಹೊತ್ತಗೆಯಂಗಳ ಅವರು ಆ ಅಧ್ಯಾಯವನ್ನು ಇನ್ನೊಮ್ಮೆ ನೋಡಿ ಬರೆದರೆ ಚರ್ಚೆಯನ್ನು ಅಲ್ಲಿಂದ ಮುಂದುವರಿಸೋಣ. ಲೀಯಾಳ ಭಾಗಗಳ ಬಗ್ಗೆ ನಮ್ಮಿಬ್ಬರ ಅಭಿಪ್ರಾಯ ಕೂಡದಿದ್ದರೂ ಜೂನಾಳ ಬಗ್ಗೆ ಕೂಡಬಹುದೆಂಬ ನಂಬಿಕೆ ನನಗಿದೆ.